ಹವಾಗುಣದ ಸಂಧಾನ ಮತ್ತು ನಮ್ಮ ತರುಣರು

ಸಂಧಿ ಎಂಬ ಮಾತು ಕಿವಿಗೆ ಬಿದ್ದೊಡನೆ ನಿಮ್ಮಲ್ಲಿ ಬಹುಮಂದಿಗೆ ಶಾಲೆಯ ವ್ಯಾಕರಣದ ನೆನಪು ಬಂದೀತು. ಲೋಪ, ಆಗಮ, ಆದೇಶ ಎಂದು ಉರುಹೊಡೆದ ಕಾಲವೂ ಮೇಷ್ಟರ ಬೆತ್ತವೂ ಒಟ್ಟಿಗೇ ಕಣ್ಣಮುಂದೆ ನಿಂತಾವು. ಆದರೆ ಈ ಮಾತಿಗೆ ಇನ್ನೊಂದು ಅರ್ಥವುಂಟು. ರಾಜ್ಯಕ್ಕೂ ರಾಜ್ಯಕ್ಕೂ ಆಗುವ ಒಡಂಬಡಿಕೆಯೂ ಸಂಧಿಯೇ. ನಮ್ಮ ಶಾಸನಗಳಲ್ಲಿ ಸಂಧಿವಿಗ್ರಹಿ ಎಂಬ ಅಧಿಕಾರಿಯ ಹೆಸರು ಮತ್ತೆ ಮತ್ತೆ ಬರುತ್ತದೆ. ಸಂಧಿಯ ಮಾತಾಗಲಿ ಯುದ್ಧದ ಮಾತಾಗಲಿ, ಅರಸನ ಪರವಾಗಿ ನಡೆಸತಕ್ಕವನು ಅವನು. ಇಂದು ಜಗತ್ತಿನ ಸರಿಸುಮಾರು ಎಲ್ಲ ರಾಷ್ಟ್ರಗಳ ಸಂಧಿವಿಗ್ರಹಿಗಳೂ ವರ್ಷಕ್ಕೊಮ್ಮೆ ಒಂದೆಡೆ ಕಲೆತು, ಎರಡು ವಾರ ಹಗಲಿರುಳು ವಾದಿಸುವ ಒಂದು ವಿಷಯವುಂಟು. ಭೂಮಿಯ ಹವಾಗುಣವೇ ಆ ವಿಷಯ. ಅಲ್ಲಿ ಎಳೆಯರಿಗೆ ಎಷ್ಟು ಪಾಲು ಸಿಕ್ಕಿದೆ, ಸಿಕ್ಕದ್ದರಿಂದ ಏನಾಗಿದೆ ಎಂಬುದನ್ನು ನಿಮ್ಮೊಡನೆ ವಿಚಾರಮಾಡಬೇಕೆಂದಿದ್ದೇನೆ.

ದಾವಣಗೆರೆಯಲ್ಲಿ ಕುಳಿತವರಿಗೆ ಇದೇಕೆ ಎಂದು ಕೇಳಬಹುದು. ಭದ್ರಾ ಜಲಾಶಯದ ಪೂರ್ಣ ಮಟ್ಟ 186 ಅಡಿ ಎಂಬುದು ನಮ್ಮ ಜಿಲ್ಲೆಯ ಮಗುವಿಗೂ ಗೊತ್ತು. ಮಳೆಗಾಲದಲ್ಲಿ ಬೆಳಗಾದರೆ ಪತ್ರಿಕೆ ತೆರೆದು ನಾವು ಮೊದಲು ನೋಡುವ ಅಂಕಿಯೇ ಅದು. 2023ರಲ್ಲಿ ಮುಂಗಾರು ಕೈಕೊಟ್ಟು, ರಾಜ್ಯದ ಇನ್ನೂರಕ್ಕೂ ಹೆಚ್ಚು ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದಾಗ, ನಾಲೆಯ ನೀರು ಎಷ್ಟು ದಿನ ಎಂಬ ಪ್ರಶ್ನೆ ಇಲ್ಲಿ ಬೀದಿಗೆ ಬಂದದ್ದನ್ನು ನೀವು ಕಂಡಿದ್ದೀರಿ. ಭತ್ತದ ರೈತನಿಗಷ್ಟೇ ಅಲ್ಲ, ನಗರದವರಿಗೂ ಅದು ಊರ ಮಾತಲ್ಲ, ಮನೆಯ ಮಾತು. ಕುಂದುವಾಡ ಕೆರೆ ತುಂಬುವುದು ಭದ್ರೆಯಿಂದ. ಇನ್ನೊಂದು ಪಾಲು ಕುಡಿಯುವ ನೀರು ಹರಿಹರದ ಬಳಿಯ ರಾಜನಹಳ್ಳಿಯಲ್ಲಿ ತುಂಗಭದ್ರೆಯಿಂದ ಏರಿಬರುತ್ತದೆ. ಒಂದು ವರ್ಷದ ಬರವನ್ನು ಹಿಡಿದು ಇದೇ ಹವಾಗುಣ ಬದಲಾವಣೆ ಎನ್ನುವುದು ಅವಸರದ ಮಾತು. ಹವಾಮಾನ ಇಂದಿನದು, ಹವಾಗುಣ ದೀರ್ಘಕಾಲದ್ದು. ಆದರೆ ಭೂಮಿ ಕಾದಂತೆ ಬರವೂ ನೆರೆಯೂ ಎರಡೂ ಉಗ್ರವಾಗುತ್ತವೆಂಬುದರಲ್ಲಿ ವಿಜ್ಞಾನಿಗಳಿಗೆ ಸಂದೇಹವುಳಿದಿಲ್ಲ.

ನಾಲೆಯ ಮಾತು ಬಂದುದರಿಂದ ಇನ್ನೊಂದನ್ನೂ ಹೇಳಿಬಿಡುತ್ತೇನೆ. ಭದ್ರಾ ಬಲದಂಡೆ ನಾಲೆಯ ಕೊನೆಯ ಭಾಗದ ರೈತರು ಎಂದರೆ ಯಾರೆಂದು ಮಲೇಬೆನ್ನೂರು, ಹರಿಹರದ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಮೇಲಿನವರು ಪಂಪು ಹಾಕಿ ಎತ್ತಿಕೊಂಡ ಮೇಲೆ ಉಳಿದಷ್ಟು ಇವರಿಗೆ. ಎಳೆಯರು ಕಾಲದ ನಾಲೆಯಲ್ಲಿ ಕೊನೆಯ ಭಾಗದವರು. ಕಲ್ಲಿದ್ದಲು ಸುಟ್ಟವರು, ಎಣ್ಣೆ ಉರಿಸಿದವರು ಮೇಲ್ಭಾಗದಲ್ಲಿದ್ದಾರೆ. ಅದರ ಫಲ ಹರಿದು ಬರುವಾಗ ಅವರಲ್ಲಿ ಬಹುಮಂದಿ ಇರುವುದಿಲ್ಲ. ಶಿವಮೊಗ್ಗದ ಕಾಡಾ ಸಭೆಗೆ ಕೊನೆಯ ಭಾಗದ ರೈತ ಬಸ್ಸು ಹತ್ತಿ ಹೋಗಿ ಕೂಗಿಯಾದರೂ ಬರಬಲ್ಲ. 2070ರ ಸೆಕೆಯನ್ನು ಅನುಭವಿಸಬೇಕಾದ ಹುಡುಗಿ ಯಾವ ಸಭೆಗೆ ಹೋಗಬೇಕು?

ಹೋದವರುಂಟು. 1992ರ ಜೂನ್‌ನಲ್ಲಿ ಬ್ರೆಜಿಲ್ ದೇಶದ ರಿಯೋ ನಗರದಲ್ಲಿ ನಡೆದ ಭೂಶೃಂಗಸಭೆಯಲ್ಲಿ ಹವಾಗುಣದ ಮೂಲ ಒಡಂಬಡಿಕೆ ಸಹಿಗೆ ಬಂತು. ಅಲ್ಲಿ ಕೆನಡದಿಂದ ಬಂದ ಹನ್ನೆರಡು ವಯಸ್ಸಿನ ಸೆವರ್ನ್ ಸುಜುಕಿ ಎಂಬ ಬಾಲಿಕೆ, ತನ್ನಂಥ ಮಕ್ಕಳೇ ಕೂಡಿಸಿದ ಹಣದಿಂದ ಪ್ರಯಾಣಮಾಡಿ, ದೊಡ್ಡವರ ಮುಂದೆ ನಿಂತು ಮಾತನಾಡಿದಳು. ಸಭೆ ಮೌನವಾಗಿ ಕೇಳಿತು, ಚಪ್ಪಾಳೆ ತಟ್ಟಿತು. ಅದೇ ಒಡಂಬಡಿಕೆಯ ಆರನೆಯ ವಿಧಿಯಲ್ಲಿ ಶಿಕ್ಷಣ, ತರಬೇತಿ, ಜನರ ತಿಳಿವಳಿಕೆ ಮತ್ತು ಪಾಲುಗೊಳ್ಳುವಿಕೆ ಎಂಬ ಮಾತುಗಳಿವೆ. ಹತ್ತು ವರ್ಷದ ತರುವಾಯ, 2002ರಲ್ಲಿ, ಎಂಟನೆಯ ಸಮ್ಮೇಳನ ನಮ್ಮ ದೆಹಲಿಯಲ್ಲೇ ಸೇರಿದಾಗ ಆ ವಿಧಿಯನ್ನು ಆಚರಣೆಗೆ ತರುವ ಕಾರ್ಯಕ್ರಮವೊಂದು ಒಪ್ಪಿತವಾಗಿ, ದೆಹಲಿಯ ಹೆಸರಿನಲ್ಲೇ ಪ್ರಸಿದ್ಧವಾಯಿತು. ಪಾಠ ಹೇಳುವವರಾದ ನಮಗೆ ಇದು ಸಂತೋಷದ ಸಂಗತಿ. ಆದರೆ ಎಷ್ಟು ಶಾಲೆಗಳಿಗೆ ಅದರ ಸುದ್ದಿ ಮುಟ್ಟಿತು ಎಂದು ಯಾರೂ ನನ್ನನ್ನು ಕೇಳದಿರಲಿ.

ಸಮ್ಮೇಳನದಲ್ಲಿ ಕೂರಲು ಹಕ್ಕಿರುವುದು ಸರ್ಕಾರಗಳಿಗೆ. ಉಳಿದವರು ವೀಕ್ಷಕರು. ರೈತರು, ಮಹಿಳೆಯರು, ಆದಿವಾಸಿಗಳು, ಕಾರ್ಮಿಕ ಸಂಘದವರು, ವ್ಯಾಪಾರಿಗಳು, ಸಂಶೋಧಕರು ಹೀಗೆ ವೀಕ್ಷಕರಲ್ಲಿ ಒಂಬತ್ತು ಬಳಗಗಳು. ತರುಣರ ಬಳಗಕ್ಕೆ 2009ರಲ್ಲಿ ತಾತ್ಕಾಲಿಕವಾಗಿಯೂ 2011ರಲ್ಲಿ ಪೂರ್ಣವಾಗಿಯೂ ಮನ್ನಣೆ ದೊರೆಯಿತು. ಯಂಗೋ ಎಂದು ಅದರ ಹೆಸರು, ಮೂವತ್ತೈದರೊಳಗಿನವರು ಅದರಲ್ಲಿದ್ದಾರೆ. ಸಮ್ಮೇಳನಕ್ಕೆ ಮುಂಚೆ ತಾವೇ ಒಂದು ಸಭೆ ಕೂಡಿಸಿ ಬೇಡಿಕೆಗಳನ್ನು ಬರೆದು ತರುತ್ತಾರೆ. ಮಹಾಸಭೆಯಲ್ಲಿ ಕೆಲವೇ ನಿಮಿಷ ಮಾತನಾಡಲು ಬಿಡುತ್ತಾರೆ, ಅದೂ ಸರ್ಕಾರಗಳ ಮಾತು ಮುಗಿದು ಸಮಯ ಮಿಕ್ಕಿದ್ದರೆ. ತೀರ್ಮಾನದಲ್ಲಿ ಕೈಯೆತ್ತುವ ಅಧಿಕಾರವಿಲ್ಲ. ಹಾಗೆ ನೋಡಿದರೆ ಅಲ್ಲಿ ಯಾರೂ ಕೈಯೆತ್ತುವುದಿಲ್ಲ. ಮತದಾನದ ನಿಯಮವೇ ಇದುವರೆಗೆ ಒಪ್ಪಿತವಾಗಿಲ್ಲವಾದ್ದರಿಂದ ಎಲ್ಲವೂ ಸಹಮತದಿಂದ ಆಗಬೇಕು. ಒಬ್ಬ ಗಟ್ಟಿಯಾಗಿ ಒಲ್ಲೆನೆಂದರೆ ಮಾತು ನಿಂತಿತು.

ಇನ್ನು ನನ್ನ ವೃತ್ತಿಗೆ ಹತ್ತಿರದ ಮಾತು. ಆ ಸಂಧಾನವೆಲ್ಲ ನಡೆಯುವುದು ವಾಕ್ಯದ ಮೇಲೆ. ಕರಡಿನಲ್ಲಿ ಒಪ್ಪಿಗೆಯಾಗದ ಮಾತುಗಳಿಗೆಲ್ಲ ಚೌಕ ಆವರಣಚಿಹ್ನೆ ಹಾಕಿರುತ್ತಾರೆ. ಹದಿನೈದು ದಿನದ ಕೆಲಸವೆಂದರೆ ಆ ಆವರಣಗಳನ್ನು ಒಂದೊಂದಾಗಿ ಬಿಡಿಸುವುದು. ಒಂದು ಪದ ಬಿದ್ದುಹೋಗುತ್ತದೆ, ಅದು ಲೋಪ. ಒಂದು ಹೊಸದಾಗಿ ಸೇರುತ್ತದೆ, ಅದು ಆಗಮ. ಒಂದರ ಜಾಗಕ್ಕೆ ಇನ್ನೊಂದು ಬರುತ್ತದೆ, ಅದು ಆದೇಶ. 2015ರ ಡಿಸೆಂಬರ್ 12ರಂದು ಪ್ಯಾರಿಸ್ಸಿನಲ್ಲಿ ಇಡೀ ಜಗತ್ತು ಕಾದು ಕುಳಿತಿದ್ದಾಗ ಕೊನೆಯ ಗಳಿಗೆಯಲ್ಲಿ ಎಲ್ಲವೂ ನಿಂತದ್ದು ಇಂಥದೊಂದು ಆದೇಶಕ್ಕಾಗಿ. ಮುಂದುವರಿದ ರಾಷ್ಟ್ರಗಳು ಹೊಗೆ ತಗ್ಗಿಸುವ ಗುರಿಯನ್ನು ಕೈಗೊಳ್ಳತಕ್ಕದ್ದು ಎಂಬರ್ಥದ ಇಂಗ್ಲಿಷ್ ಕ್ರಿಯಾಪದ ಕರಡಿನಲ್ಲಿತ್ತು. ಅಮೆರಿಕ ಒಪ್ಪಲಿಲ್ಲ. ಕೈಗೊಳ್ಳುವುದು ಯುಕ್ತ ಎಂಬಷ್ಟು ಮೆತ್ತಗಿನ ಪದ ಅಲ್ಲಿ ಬಂದು ಕುಳಿತಿತು, ಅಚ್ಚಿನ ತಪ್ಪನ್ನು ತಿದ್ದಿದಂತೆ ಅದನ್ನು ಓದಿಬಿಟ್ಟರು. ನಮ್ಮ ಕನ್ನಡ ಕಾನೂನು ಪುಸ್ತಕಗಳಲ್ಲಿ ತಕ್ಕದ್ದು ಎಂಬುದನ್ನು ಕಂಡು ನಗುವವರಿದ್ದಾರೆ. ಒಂದು ತಕ್ಕದ್ದಿನ ಬೆಲೆ ಎಷ್ಟೆಂದು ಪ್ಯಾರಿಸ್ಸಿನಲ್ಲಿ ಕುಳಿತವರನ್ನು ಕೇಳಬೇಕು.

ಇಂಥದೇ ಇನ್ನೊಂದು 2021ರ ನವೆಂಬರಿನಲ್ಲಿ ಗ್ಲಾಸ್ಗೋದಲ್ಲಿ ನಡೆಯಿತು. ಕಲ್ಲಿದ್ದಲ ವಿದ್ಯುತ್ತನ್ನು ಹಂತಹಂತವಾಗಿ ನಿಲ್ಲಿಸುವುದು ಎಂಬಲ್ಲಿ ಹಂತಹಂತವಾಗಿ ತಗ್ಗಿಸುವುದು ಎಂದಾಗಬೇಕೆಂದು ನಮ್ಮ ದೇಶದ ಮಂತ್ರಿಗಳೇ ಕೇಳಿದರು, ಹಾಗೆಯೇ ಆಯಿತು. ಸಣ್ಣ ದ್ವೀಪಗಳ ಪ್ರತಿನಿಧಿಗಳು ನೊಂದುಕೊಂಡರು, ಸಭಾಧ್ಯಕ್ಷರ ಕಂಠ ಬಿಗಿಯಿತು. ನನ್ನ ಅಭಿಪ್ರಾಯ ಕೇಳಿದರೆ, ಭಾರತದ ವಾದದಲ್ಲಿ ಹುರುಳಿತ್ತು. ನಮ್ಮಲ್ಲಿ ತಲೆಗೆ ವರ್ಷಕ್ಕೆ ಸುಮಾರು 2 ಟನ್ ಇಂಗಾಲಾಮ್ಲದ ಹೊಗೆಯಾದರೆ ಅಮೆರಿಕದಲ್ಲಿ ಸುಮಾರು 14 ಟನ್. ಎಣ್ಣೆಯನ್ನು ಹೆಸರಿಸದೆ ಕಲ್ಲಿದ್ದಲನ್ನು ಮಾತ್ರ ಹೆಸರಿಸಿದ್ದು ನ್ಯಾಯವಲ್ಲ. ಆದರೆ ದ್ವೀಪದ ಹುಡುಗನ ದುಃಖಕ್ಕೂ ಹುರುಳಿತ್ತು. ಎರಡೂ ನಿಜವಾಗಿರಬಲ್ಲವು, ಅದರಿಂದಲೇ ಸಂಧಾನ ಕಷ್ಟ.

ಅದೇ ಗ್ಲಾಸ್ಗೋದ ವೇದಿಕೆಯಲ್ಲಿ ನೆರೆಯ ತಮಿಳುನಾಡಿನ ತಿರುವಣ್ಣಾಮಲೈಯ ವಿನಿಶಾ ಉಮಾಶಂಕರ್ ಎಂಬ ಶಾಲಾಬಾಲಿಕೆ ಮಾತನಾಡಿದಳು. ಇಸ್ತ್ರಿ ಗಾಡಿಯ ಇದ್ದಿಲಿನ ಬದಲು ಸೂರ್ಯನ ಬೆಳಕಿನಿಂದ ನಡೆಯುವ ಗಾಡಿಯನ್ನು ಯೋಚಿಸಿದವಳು ಅವಳು. ಇಂಥ ಮಕ್ಕಳನ್ನು ಕಂಡರೆ ಹೆಮ್ಮೆಯಾಗುತ್ತದೆ. ಜೊತೆಗೆ ಒಂದು ಅಳುಕೂ ಆಗುತ್ತದೆ. ನಮ್ಮ ಊರಿನ ಸಮಾರಂಭಗಳನ್ನು ನೆನೆಯಿರಿ. ಮೊದಲು ಮಕ್ಕಳಿಂದ ಪ್ರಾರ್ಥನೆ. ಆಮೇಲೆ ವಂದನಾರ್ಪಣೆಯವರೆಗೆ ಆ ಮಕ್ಕಳನ್ನು ಯಾರೂ ಮಾತನಾಡಿಸುವುದಿಲ್ಲ. ಜಾಗತಿಕ ಸಮ್ಮೇಳನಗಳಲ್ಲಿಯೂ ಬಹುಮಟ್ಟಿಗೆ ಇದೇ ಕ್ರಮ. 2023ರಲ್ಲಿ ದುಬೈ ಸಮ್ಮೇಳನವು ತರುಣರ ಪರವಾಗಿ ಪ್ರತಿವರ್ಷ ಒಬ್ಬ ಅಧಿಕೃತ ಮುಂದಾಳು ಇರಬೇಕೆಂದು ಗೊತ್ತುಮಾಡಿದೆ. ಒಳ್ಳೆಯದೇ. ಪ್ರಾರ್ಥನೆಯಾದ ಮೇಲೂ ವೇದಿಕೆಯಲ್ಲೊಂದು ಕುರ್ಚಿ ಸಿಕ್ಕಂತಾಯಿತು.

ಕುರ್ಚಿ ಸಿಕ್ಕದೆಯೂ ಕೆಲಸ ಸಾಧಿಸಿದವರ ಕಥೆ ಇದಕ್ಕಿಂತ ಹೆಚ್ಚು ಸ್ವಾರಸ್ಯದ್ದು. ಶಾಂತಸಾಗರದ ನಡುವೆ ವನುವಾಟು ಎಂಬ ದ್ವೀಪರಾಷ್ಟ್ರವುಂಟು. ಇಡೀ ದೇಶದ ಜನಸಂಖ್ಯೆ ಸುಮಾರು ಮೂರು ಲಕ್ಷ. 2011ರ ಗಣತಿಯಲ್ಲಿ ನಮ್ಮ ದಾವಣಗೆರೆ ನಗರವೊಂದರಲ್ಲೇ ನಾಲ್ಕು ಲಕ್ಷ ಮೂವತ್ತು ಸಾವಿರಕ್ಕೂ ಮೇಲ್ಪಟ್ಟು ಜನರಿದ್ದರು. 2019ರಲ್ಲಿ ಅಲ್ಲಿನ ಕಾನೂನು ತರಗತಿಯ 27 ವಿದ್ಯಾರ್ಥಿಗಳು ಒಂದು ಪ್ರಶ್ನೆ ಹಾಕಿಕೊಂಡರು: ಹವಾಗುಣವನ್ನು ಕೆಡಿಸದಿರಲು ರಾಷ್ಟ್ರಗಳಿಗೆ ಕಾನೂನಿನ ಹೊಣೆಯುಂಟೋ ಇಲ್ಲವೋ? ಇದನ್ನು ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯವೇ ಹೇಳಲಿ ಎಂದು ಹಟ ಹಿಡಿದರು. ವಿದ್ಯಾರ್ಥಿಗಳ ಅರ್ಜಿಯನ್ನು ಆ ನ್ಯಾಯಾಲಯ ತೆಗೆದುಕೊಳ್ಳುವಂತಿಲ್ಲ. ಆದುದರಿಂದ ಮೊದಲು ತಮ್ಮ ಸರ್ಕಾರವನ್ನು ಒಪ್ಪಿಸಿದರು. ಸರ್ಕಾರ ಬೇರೆ ಬೇರೆ ದೇಶಗಳನ್ನು ಒಪ್ಪಿಸಿತು. 2023ರ ಮಾರ್ಚ್ 29ರಂದು ವಿಶ್ವಸಂಸ್ಥೆಯ ಮಹಾಸಭೆ ಸರ್ವಸಮ್ಮತಿಯಿಂದ ಆ ಪ್ರಶ್ನೆಯನ್ನು ನ್ಯಾಯಾಲಯಕ್ಕೆ ಕಳುಹಿಸಿತು. 2025ರ ಜುಲೈ 23ರಂದು ಉತ್ತರ ಬಂತು. ಹೊಣೆಯುಂಟು, ಅದನ್ನು ಮೀರಿದರೆ ನಷ್ಟ ತುಂಬಿಕೊಡುವ ಪ್ರಸಂಗವೂ ಬರಬಹುದು ಎಂದು ನ್ಯಾಯಾಧೀಶರೆಲ್ಲ ಒಕ್ಕೊರಲಿನಿಂದ ಹೇಳಿದರು. ಅದು ಸಲಹೆಯೇ ಹೊರತು ತೀರ್ಪಲ್ಲ, ಸರಿಯಷ್ಟೆ. ಆದರೂ ಮುಂದೆ ಬರೆಯುವ ಪ್ರತಿಯೊಂದು ವಾಕ್ಯದ ಹಿಂದೆಯೂ ಆ ಸಲಹೆ ನಿಂತಿರುತ್ತದೆ.

ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮದೇ ಹೊಳೆಯ ದಂಡೆಯ ಒಂದು ಹಳೆಯ ಪ್ರಕರಣ. ಹರಿಹರದ ಆಚೆ ದಡ ಕುಮಾರಪಟ್ಟಣ. ಅಲ್ಲಿನ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಗೆ ಮರದ ತಿರುಳು ಬೇಕಾಗಿ, ರಾಜ್ಯ ಸರ್ಕಾರವೂ ಆ ಕಂಪನಿಯೂ ಕೂಡಿ 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬುದನ್ನು ಕಟ್ಟಿದವು. ಸುಮಾರು 30 ಸಾವಿರ ಹೆಕ್ಟೇರು ಊರೊಟ್ಟಿನ ಭೂಮಿ ನೀಲಗಿರಿ ನೆಡಲು ಅದಕ್ಕೆ ಹೋಗುವುದಿತ್ತು. ದನ ಮೇಯುವ, ಸೌದೆ ಆಯುವ ಭೂಮಿ ಅದು. ಅದನ್ನು ಕೊಡುವ ಕಾಗದ ಬರೆದಾಗ ಹಳ್ಳಿಯವರನ್ನು ಯಾರೂ ಕೇಳಿರಲಿಲ್ಲ. ಸಮಾಜ ಪರಿವರ್ತನ ಸಮುದಾಯದವರೂ ಆಗ ಎಂಬತ್ತು ದಾಟಿದ್ದ ಶಿವರಾಮ ಕಾರಂತರೂ ಸುಪ್ರೀಂ ಕೋರ್ಟಿಗೆ ಹೋದರು. 1987ರ ನವೆಂಬರ್ 14ರಂದು, ಮಕ್ಕಳ ದಿನಾಚರಣೆಯ ದಿನ, ಹಾನಗಲ್ಲು ತಾಲ್ಲೂಕಿನ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು ಉಪಯೋಗದ ಗಿಡ ನೆಟ್ಟರು. ಕಿತ್ತಿಕೋ ಹಚ್ಚಿಕೋ ಎಂಬ ಆ ಸತ್ಯಾಗ್ರಹದ ಹೆಸರಿನಲ್ಲಿ ಎಷ್ಟು ಅಚ್ಚ ಕನ್ನಡವಿದೆ ನೋಡಿ! 1991ರಲ್ಲಿ ಆ ಕಂಪನಿಯನ್ನೇ ಮುಚ್ಚುವ ತೀರ್ಮಾನವಾಯಿತು. ವನುವಾಟುವಿನ ಹುಡುಗರು ಹಿಡಿದ ದಾರಿಯೂ ಇದೇ ಅಲ್ಲವೆ? ಸಭೆಯ ಒಳಗೆ ಎಡೆ ಸಿಕ್ಕದಿದ್ದರೆ ಸಭೆಗಿಂತ ಮೇಲಿನ ಪೀಠವನ್ನು ಕೇಳುವುದು.

ದಾವಣಗೆರೆಯ ಹುಡುಗರು ಸಮ್ಮೇಳನಕ್ಕೆ ಹೋಗಬಲ್ಲರೆ? ವಿಮಾನದ ದುಡ್ಡು, ವೀಸಾ, ಪ್ರವೇಶಪತ್ರ, ಇವೆಲ್ಲಕ್ಕಿಂತ ದೊಡ್ಡ ಗೋಡೆ ಭಾಷೆ. ವಿಶ್ವಸಂಸ್ಥೆಯ ಅಧಿಕೃತ ಭಾಷೆಗಳು ಆರು. ಕರಡು ತಿದ್ದುವ ಚಿಕ್ಕ ಕೋಣೆಗಳಲ್ಲಿ ಇಂಗ್ಲಿಷ್ ಒಂದೇ. ಹೀಗಿರಲಾಗಿ ದೊಡ್ಡ ಊರುಗಳ ಇಂಗ್ಲಿಷ್ ಶಾಲೆಯ ಮಕ್ಕಳೇ ದೇಶದ ತರುಣರೆಂದು ಲೆಕ್ಕಕ್ಕೆ ಬರುತ್ತಾರೆ. ಅವರ ಮೇಲೆ ನನಗೆ ಮುನಿಸಿಲ್ಲ. ನಾಲೆಯ ಕೊನೆಯ ಭಾಗದಲ್ಲಿ ಬೆಳೆದ ಹುಡುಗಿಗೆ ಗೊತ್ತಿರುವುದು ಅವರಿಗೆ ಗೊತ್ತಿರಲಾರದು, ಅಷ್ಟೆ. ಆ ಒಡಂಬಡಿಕೆಗಳ ಮುಖ್ಯ ವಿಧಿಗಳು ಸರಳ ಕನ್ನಡದಲ್ಲಿ ಪ್ರತಿ ಪ್ರೌಢಶಾಲೆಯ ವಾಚನಾಲಯದಲ್ಲಿ ಇರಬೇಕೆಂದು ನನ್ನ ಒತ್ತಾಯ.

ನಾನು ಪಾಠ ಹೇಳುವ ಒಂಬತ್ತನೆಯ ತರಗತಿಯಲ್ಲಿ ಇದನ್ನೊಮ್ಮೆ ಪ್ರಯೋಗಮಾಡಿ ನೋಡಿದೆ. ನಾಲೆಯ ಮೇಲ್ಭಾಗ, ಕೊನೆಯ ಭಾಗ, ನಗರ, ಕಾರ್ಖಾನೆ ಎಂದು ನಾಲ್ಕು ಬೆಂಚು ಮಾಡಿ, ಬರಗಾಲದಲ್ಲಿ ನೀರು ಹಂಚುವ ಬಗ್ಗೆ ಎಲ್ಲರೂ ಒಪ್ಪುವ ಒಂದೇ ಒಂದು ವಾಕ್ಯ ಬರೆಯಿರಿ ಎಂದೆ. ಒಂದು ಪೀರಿಯಡ್ಡಿನ ಕೆಲಸವೆಂದುಕೊಂಡದ್ದು ಮೂರು ಪೀರಿಯಡ್ಡು ಹಿಡಿಯಿತು. ಮೇಲ್ಭಾಗದ ಬೆಂಚಿನವರು ಸಾಧ್ಯವಾದಷ್ಟು ಎಂಬ ಪದವನ್ನು ಸೇರಿಸಿದರು. ಕೊನೆಯ ಭಾಗದವರು ಅದನ್ನು ಹೊಡೆದುಹಾಕಿ ತಾರೀಖು ಬರೆದರು. ನಾಲ್ಕನೆಯ ದಿನ ಕೊನೆಯ ಭಾಗದ ಹುಡುಗಿಯೊಬ್ಬಳು ಎದ್ದು, "ಸಾರ್, ಸಾಧ್ಯವಾದಷ್ಟು ಇರಲಿ, ಎಷ್ಟು ಸಾಧ್ಯ ಅಂತ ಯಾರು ಹೇಳಬೇಕು ಅನ್ನೋದನ್ನೂ ಬರೀರಿ" ಎಂದಳು. ಪ್ಯಾರಿಸ್ಸಿನವರಿಗೆ ಹೊಳೆಯಬೇಕಾದ ಮಾತು ಎನಿಸಿತು ನನಗೆ.

ಇದಕ್ಕೆಲ್ಲ ನಮ್ಮಲ್ಲಿ ವೇದಿಕೆಯೇ ಇಲ್ಲವೆಂದಲ್ಲ. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಯಬೇಕೆಂಬ ಕ್ರಮವಿದೆ. ಶಾಲೆಯ ಕೊಳಾಯಿ, ಶೌಚಾಲಯ, ಬಸ್ಸು, ಕೆರೆಯ ಹೂಳು, ಎಲ್ಲವನ್ನೂ ಮಕ್ಕಳು ಅಲ್ಲಿ ಕೇಳಬಹುದು, ಅಧಿಕಾರಿಗಳು ಉತ್ತರಿಸಬೇಕು. 2024ರ ನವೆಂಬರಿನಲ್ಲಿ ಶೃಂಗೇರಿಯಿಂದ ಹರಿಹರದವರೆಗೆ ತುಂಗಭದ್ರೆಯನ್ನು ನಿರ್ಮಲವಾಗಿಡಿರೆಂದು ಜನ ನಡೆದು ಬಂದರು. ಹೊಳೆಯ ಪಕ್ಕದ ಪಂಚಾಯಿತಿಯ ಮಕ್ಕಳು ಊರ ಚರಂಡಿ ಹೊಳೆಗೆ ಸೇರುವುದು ಯಾವಾಗ ನಿಲ್ಲುತ್ತದೆಂದು ಕೇಳಿದರೆ ಅದೂ ಅದೇ ನಡಿಗೆಯ ಮುಂದಿನ ಹೆಜ್ಜೆ. ನಿಮ್ಮ ನೆಂಟರ ಮಕ್ಕಳು ಹಳ್ಳಿಯಲ್ಲಿದ್ದರೆ, ಈ ವರ್ಷದ ಸಭೆ ಎಂದಿದೆಯೆಂದು ಪಂಚಾಯಿತಿ ಕಛೇರಿಯಲ್ಲಿ ವಿಚಾರಿಸಿ ಅವರಿಗೆ ತಿಳಿಸಿ. ಸಭೆ ಆರಂಭವಾದೊಡನೆ ಕಳೆದ ವರ್ಷದ ನಡಾವಳಿಯನ್ನು ಓದಿಸುವಂತೆ ಮೊದಲು ಕೇಳಲಿ. ಹೊಸ ಪ್ರಶ್ನೆ ಆಮೇಲೆ.