ಇಪ್ಪತ್ತು ಚೌಕ, ಒಂದು ಹೊದಿಕೆ

(ಹಾಲು ಉತ್ಪಾದಕರ ಸಹಕಾರ ಸಂಘದ ಬೆಳ್ಳಿಹಬ್ಬದಲ್ಲಿ ಮಹಿಳಾ ನಿರ್ದೇಶಕರೊಬ್ಬರು ಆಡಿದ ಮಾತು)



ಹಾಲಿನ ಲೆಕ್ಕ, ಬೋನಸ್ಸಿನ ಲೆಕ್ಕ ಕಾರ್ಯದರ್ಶಿಗಳು ಆಗಲೇ ಓದಿದ್ದಾರೆ. ಎದುರು ಗೋಡೆಗೆ ತೂಗುಹಾಕಿರುವ ಹೊದಿಕೆಯ ವಿಚಾರ ಹೇಳಿ ಅಂತ ಹೆಣ್ಣುಮಕ್ಕಳು ಒತ್ತಾಯ ಮಾಡಿದ್ದರಿಂದ ನಾವು ಎದ್ದು ನಿಂತಿದ್ದೇವೆ. ಓದಿರುವುದು ಎಸ್ಸೆಸ್ಸೆಲ್ಸಿ, ಭಾಷಣ ಬರೋದಿಲ್ಲ. ನಡೆದದ್ದನ್ನ ಹೇಳ್ತೀವಿ.

ಅದರಲ್ಲಿರುವ ಇಪ್ಪತ್ತು ಚೌಕವೂ ನಮ್ಮ ಅತ್ತೆಯವರ ಕೈಕೆಲಸ. ರೇಷ್ಮೆ ಸಾಕುವ ಮನೆಯಲ್ಲಿ ಹೆಂಗಸರಿಗೆ ಪುರುಸೊತ್ತು ಯಾವಾಗ ಅಂತ ನಿಮಗೆ ಹೇಳಬೇಕಿಲ್ಲ. ಹುಳ ಜ್ವರಕ್ಕೆ ಕೂತಾಗ ಸೊಪ್ಪು ಹಾಕೋ ಹಾಗಿಲ್ಲ, ಆಗಷ್ಟೇ ಕೈಗೆ ಬಿಡುವು. ಬೆಳೆಗೆ ನಾಲ್ಕು ಜ್ವರ, ನಾಲ್ಕು ಬಿಡುವು. ನಾಲ್ಕನೆಯದು ಎದ್ದ ಮೇಲೆ ಹುಳ ಹಣ್ಣಾಗೋವರೆಗೂ ರಾತ್ರಿ ನಿದ್ದೆಯೂ ಇಲ್ಲ. ಆ ಬಿಡುವಿನಲ್ಲಿ ಅತ್ತೆ ಬಿಳೀ ಬಟ್ಟೆ ಮೇಲೆ ಕಾರ್ಬನ್ ಕಾಗದ ಇಟ್ಟು ಚಿತ್ರ ಇಳಿಸಿ ದಾರ ಹಾಕೋರು. ಧಾರವಾಡದ ಕಡೆ ಎಳೆ ಎಣಿಸಿ ಹಾಕ್ತಾರಲ್ಲ, ಆ ಕಸೂತಿ ಅಲ್ಲ ಇದು. ಸರಪಳಿ ಹೊಲಿಗೆ, ಕಾಂಡದ ಹೊಲಿಗೆ, ಅಷ್ಟೇ. ಗಿಣಿ, ತಾವರೆ, ಹಿಪ್ಪುನೇರಳೆ ಕಡ್ಡಿ, ಚನ್ನಪಟ್ಟಣದ ಮರದ ಕುದುರೆ. ಒಂದರಲ್ಲಿ ಸಾವನದುರ್ಗ ಇದೆ. ಅತ್ತೆ ಹೇಳಿದ್ದಕ್ಕೆ ಬೆಟ್ಟ ಅಂತ ಗೊತ್ತು, ನೋಡಿದರೆ ತಟ್ಟೇಲಿಟ್ಟ ಮುದ್ದೆ. ಎಲ್ಲ ಸೇರಿಸಿ ಮೊಮ್ಮಕ್ಕಳಿಗೆ ಹೊದಿಕೆ ಮಾಡ್ತೀನಿ ಅಂತಿದ್ದರು, ಆಗಲಿಲ್ಲ.

ಅವರು ತೀರಿಕೊಂಡ ವರ್ಷ ಮನೆ ಪಾಲಾಯಿತು. ಜಮೀನು, ಹಸು, ಪಾತ್ರೆ ಎಲ್ಲ ಆದ ಮೇಲೆ ಟ್ರಂಕಿನ ತಳದಲ್ಲಿ ಈ ಚೌಕಗಳು ಸಿಕ್ಕವು. ನ್ಯಾಯಕ್ಕೆ ಕೂತಿದ್ದ ಹಿರಿಯರು ಅದನ್ನೂ ಎಣಿಸಿ, ಮೂವರು ಸೊಸೆಯರಿಗೂ ಒಬ್ಬ ಮಗಳಿಗೂ ತಲಾ ಐದು ಅಂದರು. ಲೆಕ್ಕ ಸರಿಯೇ. ಐದು ತುಂಡು ಇಟ್ಟುಕೊಂಡು ಮಾಡೋದೇನು? ದೊಡ್ಡ ವಾರಗಿತ್ತಿ ಟಿ.ವಿ. ಮೇಲೆ ಹಾಸಿದರು, ಚಿಕ್ಕವಳು ಮಿಕ್ಸಿಗೆ ಹೊದಿಸಿದಳು, ನಾವು ದೇವರ ಗೂಡಿಗೆ ಹಾಕಿ ಎಣ್ಣೆ ಮಾಡಿದೆವು. ನಾದಿನಿ ತನ್ನ ಐದನ್ನ ಕನಕಪುರಕ್ಕೆ ತೆಗೆದುಕೊಂಡು ಹೋದಳು. ಪಾಲಿನಲ್ಲಿ ಆಡಿದ ಮಾತಿಗೆ ಎಂಟು ವರ್ಷ ನಮ್ಮ ಹೊಸಿಲು ತುಳಿಯಲಿಲ್ಲ. ಮಾತು ಆಡಿದವರಲ್ಲಿ ನಾವೂ ಇದ್ದೆವು.

ಬೆಳ್ಳಿಹಬ್ಬಕ್ಕೆ ಕೈಕೆಲಸದ ಪ್ರದರ್ಶನ ಇಡೋಣ ಅಂತ ಸಭೆಯಲ್ಲಿ ಠರಾವಾದಾಗ ಇದು ನೆನಪಿಗೆ ಬಂತು. ನಾವು ಮೂವರೂ ಬಸ್ಸು ಹತ್ತಿದೆವು. ನಾದಿನಿ ಕಾಫಿ ಕೊಟ್ಟಳು, ಬೇರೆ ಮಾತಿಲ್ಲ. ವಿಷಯ ಹೇಳಿದ ಮೇಲೆ ಒಳಗಿಂದ ಗಂಟು ತಂದಳು, ಬಿಚ್ಚೇ ಇರಲಿಲ್ಲ. "ಕೊಡ್ತೀನಿ ಅತ್ತಿಗೆ, ಆದರೆ ಹೊಲಿಯೋಕೆ ನಾನೂ ಬರ್ತೀನಿ" ಅಂದಳು.

ಈಗ ಕೆಲಸದ ವಿಚಾರ. ಮನೇಲಿ ಇಂಥ ಹಳೇ ತುಂಡುಗಳಿರೋರು ಗಮನಿಸಿ. ನಾವು ಮೊದಲು ಮಾಡಿದ್ದೇ ತಪ್ಪು, ಎಲ್ಲವನ್ನೂ ಒಂದೇ ಬಕೆಟ್ಟಿಗೆ ಹಾಕಿದೆವು. ಗಿಣಿ ಮೂತಿಯ ಕೆಂಪು ದಾರ ಬಣ್ಣ ಬಿಟ್ಟು ಬಿಳಿಗೆ ಹತ್ತಿತು. ಒದ್ದೆ ಮಾಡಿದ ಬಿಳೀ ಬಟ್ಟೆಯನ್ನ ಮೊದಲು ದಾರದ ಮೇಲೆ ಒತ್ತಿ ನೋಡಬೇಕು. ಬಣ್ಣ ಹತ್ತಿದರೆ ಆ ತುಂಡನ್ನ ನೆನೆಹಾಕಲೇಬಾರದು. ಇಸ್ತ್ರಿಯನ್ನ ದಪ್ಪ ಟವೆಲ್ಲು ಹಾಸಿ, ಹೂವು ಕೆಳಮುಖ ಮಾಡಿ, ಹಿಂದಿನಿಂದ ಹಾಕಬೇಕು, ಇಲ್ಲದಿದ್ದರೆ ಹೊಲಿಗೆ ಚಪ್ಪಟೆಯಾಗುತ್ತೆ. ಬಟ್ಟೆ ಜೀರ್ಣವಾಗಿದ್ದ ಕಡೆ ಹಿಂದೆ ಹಳೇ ಪಂಚೆ ತುಂಡು ಕೊಟ್ಟೆವು.

ಚೌಕಗಳು ಒಂದಳತೆ ಇರಲಿಲ್ಲ. ದೊಡ್ಡದಕ್ಕೆ ಸಮ ಮಾಡಲು ಚಿಕ್ಕದರ ಸುತ್ತ ಬಿಳೀ ಪಟ್ಟಿ ಸೇರಿಸಿದೆವು, ಕಸೂತಿಗೆ ಕತ್ತರಿ ತಾಗಿಸಲಿಲ್ಲ. ಎಲ್ಲ ಹನ್ನೆರಡೂವರೆ ಇಂಚು ಮಾಡಿ, ಸುತ್ತಲೂ ಕಾಲಿಂಚು ಹೊಲಿಗೆಗೆ ಹೋದರೆ ಹನ್ನೆರಡು ಉಳಿಯಿತು. ನಡುವೆ, ಅಂಚಿಗೆ ಮೂರಿಂಚಿನ ಕಾಫಿಪುಡಿ ಬಣ್ಣದ ಕಾಟನ್ ಪಟ್ಟಿ. ಅದನ್ನೂ ಮೊದಲೇ ನೆನೆಸಿ ಒಣಗಿಸಿದೆವು, ಆಮೇಲೆ ಕುಗ್ಗಿದರೆ ಇಡೀ ಹೊದಿಕೆ ಸುಕ್ಕು. ಅಡ್ಡಕ್ಕೆ ನಾಲ್ಕು, ಉದ್ದಕ್ಕೆ ಐದು, ಒಟ್ಟು 63 ಇಂಚು ಅಗಲ, 78 ಇಂಚು ಉದ್ದ. ಸಾಲು ಸಾಲಾಗಿ ಹೊಲಿದು, ಆಮೇಲೆ ಸಾಲುಗಳನ್ನ ಕೂಡಿಸಿದ್ದು.

ಜಗಳ ಬಂದದ್ದು ಜೋಡಣೆಯಲ್ಲಿ. ಪಡಸಾಲೆಯಲ್ಲಿ ಹಾಸಿದಾಗ ಅವರವರ ಐದನ್ನ ಅವರವರು ಒಂದು ಕಡೆ ಇಟ್ಟುಕೊಂಡು ಕೂತಿದ್ದೆವು. ನೋಡಿದರೆ ಪಾಲಿನ ನಕ್ಷೆಯೇ. ನಾದಿನಿ ಎದ್ದು ಎಲ್ಲ ಕಲೆಸಿಬಿಟ್ಟಳು. ಅವಳ ಗಂಟಿನಲ್ಲಿ ಅರ್ಧಕ್ಕೆ ನಿಂತ ನವಿಲೊಂದಿತ್ತು, ಬಾಲಕ್ಕೆ ದಾರ ಬಿದ್ದಿಲ್ಲ, ಕಾರ್ಬನ್ ಗೆರೆ ಮಾತ್ರ. ಪೂರ್ತಿ ಮಾಡೋಣ ಅಂತ ನಾವು, ಬೇಡ ಅಂತ ಅವಳು. ಎರಡು ದಿನ ಕೆಲಸ ನಿಂತಿತು. ಕಡೆಗೆ ಹಾಗೇ ಬಿಟ್ಟೆವು. ಮೇಲಿಂದ ಎರಡನೇ ಸಾಲು, ನೋಡಿ. ಅವಳು ಹೇಳಿದ್ದೇ ಸರಿ ಅಂತ ಈಗ ಅನ್ನಿಸುತ್ತೆ.

ಈ ಕೈಕೆಲಸ ಕೀಳು ಅಂತ ಕೆಲವರಿಗಿದೆ. ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. 2023ರಲ್ಲಿ ಹಂಪಿಯ ಜಿ-20 ಸಭೆಯಲ್ಲಿ 450ಕ್ಕೂ ಹೆಚ್ಚು ಲಂಬಾಣಿ ಹೆಂಗಸರ 1,755 ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಹಳಿಯಾಳ, ಯಲ್ಲಾಪುರ, ಮುಂಡಗೋಡಿನ ಸಿದ್ದಿ ಹೆಂಗಸರು ಹಳೇ ಬಟ್ಟೆಯಲ್ಲಿ ಕೌದಿ ಹೊಲಿಯುವಾಗ ಅಂಚಿನಿಂದ ಶುರುಮಾಡಿ ಸುತ್ತಿ ಸುತ್ತಿ ನಡುವಿಗೆ ಬರ್ತಾರೆ. ಮೂಲೆಗಳಿಗೆ ಬಟ್ಟೆ ಮಡಿಸಿದ ಹೂವು ಇಡದೆ ಮುಗಿಸೋದಿಲ್ಲ. ಆ ಹೂವು ನಾವೂ ಇಡಬೇಕು ಅಂತಿದ್ದೇವೆ.

ಈಗ ಆಗಿರೋದು ಮೇಲ್ಬಟ್ಟೆ ಮಾತ್ರ. ಒಳಗೆ ಅತ್ತೆಯವರ ಎರಡು ಹಳೇ ಸೀರೆ ಕೊಟ್ಟು, ಅಡಿಬಟ್ಟೆ ಹಾಕಿ, ರಾಗಿ ಕಣ ಮುಗಿದ ಮೇಲೆ ಕೈಹೊಲಿಗೆಗೆ ಕೂರ್ತೀವಿ. ಆಮೇಲೆ ಇದು ಯಾರ ಮನೇಲಿರಬೇಕು ಅನ್ನೋದು ಇನ್ನೂ ತೀರ್ಮಾನವಾಗಿಲ್ಲ. ಮುಂದಿನ ಬಾಣಂತನ ಯಾವ ಮನೇಲೋ ಅಲ್ಲಿಗೆ ಅಂತ ನಾದಿನಿ ಅಂತಾಳೆ. ಅವಳ ಮಗಳಿಗೀಗ ಆರು ತಿಂಗಳು, ಅದಕ್ಕೇ ಹಾಗಂತಾಳೆ ಅಂತ ಚಿಕ್ಕ ವಾರಗಿತ್ತಿ.

ಊಟ ಆದ ಮೇಲೆ ಹತ್ತಿರ ಹೋಗಿ ನೋಡೋರು ದಯವಿಟ್ಟು ಕೈ ತೊಳೆದುಕೊಂಡು ಹೋಗಿ. ಗಿಣಿ ಪಕ್ಕದ ಗುಲಾಬಿ ಕಲೆ ನಮ್ಮದೇ, ಅದಕ್ಕೆ ಮಕ್ಕಳನ್ನ ಬೈಬೇಡಿ.