ಅಕ್ಕಡಿಯ ಸಾಲು



ಹಳೆಯ ಮೈಸೂರು ಸೀಮೆಯ ಮಳೆಯಾಶ್ರಯದ ಹೊಲಗಳಲ್ಲಿ ರಾಗಿಯನ್ನು ಬಿತ್ತುವ ಕೂರಿಗೆಯ ಹಿಂದೆ ಒಬ್ಬ ಹೆಂಗಸು ನಡೆಯುತ್ತಿದ್ದಳೆಂಬುದೂ, ಆಕೆ ತನ್ನ ಮಡಿಲಿನಿಂದ ಅವರೆ, ತೊಗರಿ, ಅಲಸಂದೆಗಳ ಬೀಜವನ್ನು ನಡುನಡುವೆ ಬೇರೊಂದು ಸಾಲಿಗೆ ಬಿಡುತ್ತಿದ್ದಳೆಂಬುದೂ ಇಂದು ಕೃಷಿ ಪದವಿಯನ್ನು ಸ್ವೀಕರಿಸುತ್ತಿರುವ ನಿಮ್ಮಲ್ಲಿ ಒಕ್ಕಲು ಮನೆಗಳಿಂದ ಬಂದವರಿಗೆ ತಿಳಿದ ಸಂಗತಿಯೇ ಆಗಿದೆ. ಅಕ್ಕಡಿ ಸಾಲೆಂಬ ಆ ಅಲ್ಪಭೂಮಿಯನ್ನು ಕುರಿತೇ ಈ ದಿನ ನಾಲ್ಕು ಮಾತುಗಳನ್ನಾಡಲು ನಿಮ್ಮ ಅನುಮತಿಯನ್ನು ಬೇಡುತ್ತೇನೆ.

ರಾಗಿಯ ಗುಣವನ್ನು ನಿಮಗೆ ನಾನು ವಿವರಿಸಬೇಕಾದುದಿಲ್ಲ. ಪಾಲಿಷ್ ಮಾಡಿದ ಅಕ್ಕಿಯ 100 ಗ್ರಾಮಿನಲ್ಲಿ ಸುಮಾರು 10 ಮಿಲಿಗ್ರಾಂ ಸುಣ್ಣದಂಶವಿದ್ದರೆ ಅಷ್ಟೇ ತೂಕದ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಉಂಟೆಂಬುದು ನಿಮಗೆ ಕಂಠಸ್ಥವಾಗಿರಬೇಕು. ಆದರೆ ಏಕದಳ ಧಾನ್ಯದಲ್ಲಿ ಕೊರತೆಯಾಗಿರುವ ಲೈಸಿನನ್ನು ತುಂಬಿಕೊಡುವುದು ಆ ಅವರೆ, ತೊಗರಿಗಳೇ. ಕಳೆಯೊಡನೆ ಕಿತ್ತು ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ತಂದ ಅಣ್ಣೆಸೊಪ್ಪು, ಗೋಣಿಸೊಪ್ಪುಗಳ ಬಸ್ಸಾರೇ ಊಟಕ್ಕೆ ಉಳಿದುದನ್ನು ಒದಗಿಸುತ್ತದೆ. ಹೀಗೆ ಮುದ್ದೆಯನ್ನು ಮುಖ್ಯ ಬೆಳೆಯು ಕೊಟ್ಟರೆ, ಆ ಮುದ್ದೆಯನ್ನು ಊಟವನ್ನಾಗಿ ಮಾಡಿದುದು ಹೆಣ್ಣುಮಕ್ಕಳ ಲೆಕ್ಕದಲ್ಲಿದ್ದ ಬೆಳೆ.

ಮಂಡ್ಯದ ವಿ.ಸಿ. ಫಾರಂನಲ್ಲಿ ಆಫ್ರಿಕದ ರಾಗಿಯನ್ನೂ ಭಾರತದ ರಾಗಿಯನ್ನೂ ಕೂಡಿಸಿ ಇಂಡಾಫ್ ತಳಿಗಳನ್ನು ನಿರ್ಮಿಸಿದ ಲಕ್ಷ್ಮಣಯ್ಯನವರ ಋಣದಲ್ಲಿ ಈ ನಾಡಿನ ಪ್ರತಿಯೊಂದು ಮನೆಯೂ ಇದೆ. ಅವರ ಸಾಧನೆಗೆ ಕುಂದು ತರುವ ಮಾತು ನನ್ನ ಬಾಯಿಂದ ಬಾರದು. ನಾನು ಆಕ್ಷೇಪಿಸುವುದು ತರುವಾಯ ಬಂದ ನಮ್ಮ ಗಣಿತವನ್ನು. ಎಕರೆಗೆ ಎಷ್ಟು ಕ್ವಿಂಟಾಲ್ ಎಂಬ ಒಂದೇ ಪ್ರಶ್ನೆಯನ್ನು ಹಿಡಿದು ಹೊಲಕ್ಕೆ ಹೋದ ನಾವು, ತಿಂಗಳುಗಟ್ಟಲೆ ಬಿಡಿಬಿಡಿಯಾಗಿ ಕಿತ್ತು ಪಾತ್ರೆಗೆ ಸೇರಿದ ಹಸಿ ಅವರೆಯನ್ನು ಯಾವ ಪುಸ್ತಕದಲ್ಲಿಯೂ ಬರೆದುಕೊಳ್ಳಲಿಲ್ಲ. ಬರೆಯದುದು ನಷ್ಟವಾದಾಗ ನಷ್ಟವೆಂದೂ ಕಾಣಲಿಲ್ಲ. ಕಳೆನಾಶಕವನ್ನು ಸಿಂಪಡಿಸಿದ ಹೊಲದಲ್ಲಿ ಕೂಲಿ ಉಳಿಯಿತೆಂದು ಯಜಮಾನನು ಸಂತೋಷಪಟ್ಟನು; ಸೊಪ್ಪು ಹೋಯಿತೆಂದು ಒಲೆಯ ಮುಂದಿದ್ದವಳು ಹೇಳಿದ್ದರೆ, ಕೇಳುವವರಾರು?

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು 48 ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದಾರೆ. ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಬೆಳೆ ಬೆಳೆಯುವವಳ ಮನೆಯಲ್ಲಿಯೇ ಈ ಸ್ಥಿತಿ ಹೇಗೆಂಬುದಕ್ಕೆ ಹೊಲವೊಂದೇ ಉತ್ತರ ಹೇಳದು. ಎಲ್ಲರೂ ಉಂಡೆದ್ದ ಮೇಲೆ ಉಳಿದುದನ್ನು ಉಣ್ಣುವುದನ್ನೇ ಗೃಹಿಣಿಯ ಧರ್ಮವೆಂದು ಕೊಂಡಾಡಿದ ಸಂಪ್ರದಾಯವು ಆಕೆಯ ರಕ್ತದಿಂದಲೇ ಆ ಕೀರ್ತಿಯನ್ನು ಸಂಪಾದಿಸಿದೆ. ಗರ್ಭಿಣಿಯರೂ ಬಾಣಂತಿಯರೂ ಅಂಗನವಾಡಿಯಲ್ಲಿಯೇ ಕುಳಿತು ಬಿಸಿಯೂಟವನ್ನುಣ್ಣಲೆಂದು 2017ರಲ್ಲಿ ನಮ್ಮ ಸರ್ಕಾರವು ಆರಂಭಿಸಿದ ಮಾತೃಪೂರ್ಣ ಯೋಜನೆಯ ಮರ್ಮವೂ ಇದೇ ಆಗಿದೆ: ಮನೆಗೆ ಕೊಟ್ಟ ಧಾನ್ಯ ಮನೆಮಂದಿಗೆಲ್ಲ ಹಂಚಿಹೋಗುತ್ತದೆ, ಎದುರಿಗೆ ಬಡಿಸಿದ ಅನ್ನ ಆಕೆಗೇ ಸಲ್ಲುತ್ತದೆ. ಮಲೆನಾಡಿನ ಒಂಟಿಮನೆಯ ಬಸುರಿಯು ಆ ಊಟಕ್ಕಾಗಿ ಎಷ್ಟು ದೂರ ನಡೆಯಬೇಕೆಂಬುದನ್ನು ಯೋಜಕರು ಇನ್ನೂ ಸ್ವಲ್ಪ ಯೋಚಿಸಬಹುದಾಗಿತ್ತು.

ಇನ್ನು ಪಹಣಿಯ ಮಾತು. ಮಗಳಿಗೂ ಪಿತ್ರಾರ್ಜಿತದಲ್ಲಿ ಪಾಲುಂಟೆಂದು ಕರ್ನಾಟಕವು 1994ರಲ್ಲಿಯೇ ಶಾಸನ ಮಾಡಿತು. ಕೇಂದ್ರದ ತಿದ್ದುಪಡಿ 2005ರಲ್ಲಿ ಬಂದಿತು. ಹಾಗಿದ್ದರೂ 2015–16ರ ಕೃಷಿ ಗಣತಿಯಲ್ಲಿ ದೇಶದ ಸಾಗುವಳಿ ಹಿಡುವಳಿಗಳ ಪೈಕಿ ಸ್ತ್ರೀಯರವು ನೂರಕ್ಕೆ ಸುಮಾರು 14 ಮಾತ್ರ. ಶಾಸನಕ್ಕೂ ಗಣತಿಗೂ ನಡುವೆ ಇರುವುದು, ಅಣ್ಣತಮ್ಮಂದಿರು ಅರಿಶಿನ ಕುಂಕುಮದೊಡನೆ ಮುಂದಿಡುವ, ತವರಿನ ಬಾಗಿಲು ಮುಚ್ಚೀತೆಂಬ ಭಯದಿಂದ ಅಕ್ಕತಂಗಿಯರು ಸಹಿ ಹಾಕುವ, ಹಕ್ಕು ಬಿಡುಗಡೆ ಪತ್ರ. ಪಹಣಿಯಲ್ಲಿ ಹೆಸರಿಲ್ಲದವಳಿಗೆ ಸೊಸೈಟಿಯ ಬೆಳೆಸಾಲ ದೊರೆಯುವುದೂ ಬೆಳೆನಷ್ಟದ ಪರಿಹಾರ ದೊರೆಯುವುದೂ ದುರ್ಲಭ. ನೀವು ಕೃಷಿ ಅಧಿಕಾರಿಗಳಾಗಿ ಊರಿಗೆ ಹೋದಾಗ ಅಂಗಳದಲ್ಲಿ ನಿಂತು “ಯಜಮಾನರಿದ್ದಾರೆಯೇ?” ಎಂದು ಕೇಳುವಿರಿ, ಬೀಜವನ್ನು ಬೂದಿಯಲ್ಲಿ ಹೊರಳಿಸಿ ಮಡಕೆಯಲ್ಲಿ ಕಾದಿಟ್ಟವಳು “ಇಲ್ಲ, ಪೇಟೆಗೆ ಹೋಗವ್ರೆ” ಎಂದು ಒಳಕ್ಕೆ ಹೋಗುವಳು. ದಯವಿಟ್ಟು ಆಕೆಯನ್ನು ಒಳಕ್ಕೆ ಹೋಗಗೊಡಬೇಡಿರಿ.

ಆದರೆ ಸಬಲೀಕರಣದ ಹೆಸರಿನಲ್ಲಿ ಆಕೆಯ ತಲೆಯ ಮೇಲೆ ಮತ್ತೊಂದು ಹೊರೆಯನ್ನು ಹೊರಿಸುವ ಉತ್ಸಾಹಿಗಳ ವಿಷಯದಲ್ಲಿಯೂ ಎಚ್ಚರವಿರಲಿ. ಸಾಮೆ, ನವಣೆ, ಹಾರಕಗಳು ನಮ್ಮ ಅಡುಗೆಮನೆಯಿಂದ ಏಕೆ ನಿರ್ಗಮಿಸಿದುವೆಂದು ಈಗ ಸಭೆಗಳಲ್ಲಿ ಬಹಳವಾಗಿ ಮರುಗುತ್ತಾರೆ. ಅವುಗಳ ಗಟ್ಟಿ ಹೊಟ್ಟನ್ನು ಒನಕೆಯಿಂದ ಕುಟ್ಟಿ ಬಿಡಿಸುತ್ತಿದ್ದ ತೋಳುಗಳು ಯಾರವೆಂದು ಕೇಳುವವರು ವಿರಳ. ಅಕ್ಕಿಯ ಗಿರಣಿ ಬಂದಾಗ ಆ ತೋಳುಗಳಿಗೆ ಬಿಡುವು ದೊರೆಯಿತು, ಅದನ್ನು ತಪ್ಪೆನ್ನುವ ಅಧಿಕಾರ ನಮಗಾರಿಗೂ ಇಲ್ಲ. ಧಾರವಾಡ ಜಿಲ್ಲೆಯ ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮದಲ್ಲಿ ಬೀಬಿ ಫಾತಿಮಾ ಸ್ವಸಹಾಯ ಸಂಘದ ಮಹಿಳೆಯರು ಈ ಗಂಟನ್ನು ಬಿಚ್ಚಿದ ರೀತಿ ನನಗೆ ಹಿಡಿಸಿತು: ಬೀಜ ಬ್ಯಾಂಕನ್ನು ಕಟ್ಟಿದವರೇ ಸಿರಿಧಾನ್ಯದ ಸಂಸ್ಕರಣ ಘಟಕವನ್ನೂ ನಡೆಸುತ್ತಾರೆ. 2025ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಅವರಿಗೆ ಸಂದಿತು.

ಆದುದರಿಂದ ಕೃಷಿ ಇಂಜಿನಿಯರಿಂಗ್ ಪದವೀಧರರಲ್ಲಿ ನನ್ನ ವಿಶೇಷ ಪ್ರಾರ್ಥನೆಯೊಂದಿದೆ. ಹೊಟ್ಟು ಬಿಡಿಸುವ ಯಂತ್ರವನ್ನಾಗಲಿ ಕಳೆ ತೆಗೆಯುವ ಸೈಕಲ್ ಕುಂಟೆಯನ್ನಾಗಲಿ ರಚಿಸುವಾಗ ಹಿಡಿಯ ಎತ್ತರವನ್ನು ಆಕೆಯ ಭುಜಕ್ಕೆ ಅಳೆಯಿರಿ, ಕೆಟ್ಟರೆ ಆಕೆಯೇ ಬಿಚ್ಚಿ ಜೋಡಿಸುವಂತೆ ಮಾಡಿರಿ. ಅದನ್ನು ನಡೆಸುವ ತರಬೇತಿಯನ್ನು ಬೆಳಗ್ಗೆ ಹಾಲು ಕರೆಯುವ ಹೊತ್ತಿನಲ್ಲಿ ಇಡದೆ, ಆಕೆಗೆ ಬಿಡುವಾದ ಹೊತ್ತು ಯಾವುದೆಂದು ಮೊದಲು ಕೇಳಿ ತಿಳಿದುಕೊಳ್ಳಿರಿ.