ಹಿಂದಕ್ಕೆ ಈಜಲು ಕಲಿತದ್ದು

(ಮಹಿಳಾ ವೇದಿಕೆಯ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಮದುವೆಯಾಗಿ ಮುಂಬಯಿಗೆ ಬಂದಾಗ ನನಗೆ ಈಜು ಬರುತ್ತಿರಲಿಲ್ಲ. ಮಗಳನ್ನು ಈಜುಕೊಳಕ್ಕೆ ಕರೆದುಕೊಂಡು ಹೋಗಿ, ದಂಡೆಯಲ್ಲಿ ಟವೆಲ್ ಹಿಡಿದು ಕೂರುತ್ತಿದ್ದೆ. ನಲವತ್ತೈದು ದಾಟಿದ ಮೇಲೆ ನಾನೂ ನೀರಿಗಿಳಿದೆ. ನಲವತ್ತೊಂಬತ್ತಕ್ಕೆ ಅಂಡಮಾನಿನ ಸ್ವರಾಜ್ ದ್ವೀಪದಲ್ಲಿ, ಮೊದಲು ಹ್ಯಾವ್‌ಲಾಕ್ ಅನ್ನುತ್ತಿದ್ದರಲ್ಲ, ಅಲ್ಲಿ ಸ್ಕೂಬಾ ಡೈವಿಂಗ್ ಕಲಿತೆ. ಬೆನ್ನಿಗೆ ಗಾಳಿಯ ಸಿಲಿಂಡರ್, ಕಾಲಿಗೆ ಬಾತುಕೋಳಿ ಪಾದದಂಥ ಫಿನ್. ಇವತ್ತು ನನ್ನ ಮಾತೆಲ್ಲ ಆ ಫಿನ್ ಬಗ್ಗೆಯೇ.

ನನ್ನ ತಪ್ಪಿನಿಂದಲೇ ಶುರು ಮಾಡುತ್ತೇನೆ. ಕೋರ್ಸ್ ಮುಗಿದ ಮರುದಿನ ನೀರಿನಡಿ ಒಂದು ಜೋಡಿ ಕ್ಲೌನ್ ಮೀನು ಕಂಡವು. ನೋಡುವ ಆಸೆಗೆ ತೀರಾ ಹತ್ತಿರ ಹೋದೆ. ಅಲ್ಲಿ ನಿಲ್ಲುವುದು ಹೇಗೆಂದು ಗೊತ್ತಾಗಲಿಲ್ಲ. ಗಾಬರಿಯಿಂದ ಕೈ ಬೀಸಿದೆ, ತಲೆ ಎತ್ತಿದೆ, ಕಾಲು ಕೆಳಕ್ಕಿಳಿಯಿತು. ಬಾಡಿಗೆಯ ಫಿನ್ ನನ್ನ ಕಾಲಿಗಿಂತ ಎರಡು ಸೈಜ್ ದೊಡ್ಡದು. ಅದರ ತುದಿ ಕವಲು ಹವಳಕ್ಕೆ ಬಡಿದು, ಹಪ್ಪಳ ಮುರಿದಂಥ ಸದ್ದು ಕೇಳಿಸಿತು. ಅಂಗೈ ಅಗಲದ ತುಂಡು ಮರಳಿನ ಮೇಲೆ ಬಿತ್ತು.

ಹವಳ ಕಲ್ಲಲ್ಲ, ಸಾವಿರಾರು ಪುಟ್ಟ ಜೀವಿಗಳು ಸೇರಿ ಕಟ್ಟಿಕೊಂಡ ಮನೆ. ಕೆಲವು ಜಾತಿಯವು ವರ್ಷಕ್ಕೆ ಬೆಳೆಯುವುದೇ ಒಂದೆರಡು ಸೆಂಟಿಮೀಟರ್. ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಹುಲಿಯ ಜೊತೆ ಹವಳಕ್ಕೂ ಜಾಗವಿದೆ. ಆ ರಾತ್ರಿ ನನಗೆ ಊಟ ಸೇರಲಿಲ್ಲ. ಹಿಂದಕ್ಕೆ ಸರಿಯುವುದು ಬಂದಿದ್ದರೆ ಅದು ಮುರಿಯುತ್ತಲೇ ಇರಲಿಲ್ಲ.

ಇದಕ್ಕೆ ಬ್ಯಾಕ್ ಕಿಕ್ ಅನ್ನುತ್ತಾರೆ. ಆರಂಭದ ಕೋರ್ಸಿನಲ್ಲಿ ಸಾಮಾನ್ಯವಾಗಿ ಹೇಳಿಕೊಡುವುದಿಲ್ಲ. ಮೊದಲು ಚಾಪೆ ಹಾಸಿದಂತೆ ಮೈ ಮಟ್ಟವಾಗಿರಬೇಕು. ಕಾಲು ಹಿಂದಕ್ಕೆ ಚಾಚಿ, ಹಿಮ್ಮಡಿ ಜೋಡಿಸಿ, ಪಾದವನ್ನು ಮೊಣಕಾಲಿನ ಕಡೆ ಮಡಿಸಿ ಬೆರಳುಗಳನ್ನು ಹೊರಕ್ಕೆ ತಿರುಗಿಸಬೇಕು. ಆಮೇಲೆ ಫಿನ್ನಿನ ಅಂಚಿನಿಂದ ನೀರನ್ನು ಬಾಚಿಕೊಂಡ ಹಾಗೆ ಹಿಮ್ಮಡಿಗಳನ್ನು ಅಗಲಿಸುತ್ತಾ ನಿಮ್ಮ ಕಡೆಗೆ ಎಳೆಯಬೇಕು. ಮತ್ತೆ ಕಾಲು ಚಾಚುವಾಗ ಬೆರಳು ಚೂಪಾಗಿಸಿ ನಿಧಾನವಾಗಿ ಚಾಚಬೇಕು. ಅವಸರ ಮಾಡಿದರೆ ಬಂದಷ್ಟೇ ದೂರ ಮುಂದಕ್ಕೆ ಹೋಗುತ್ತೀರಿ. ನಾನು ಒಂದು ತಿಂಗಳು ಹಾಗೇ ಇದ್ದಲ್ಲೇ ಇದ್ದೆ!

ಮನೆಯಲ್ಲಿ ದಿವಾನದ ಮೇಲೆ ಬೋರಲು ಮಲಗಿ ಅಭ್ಯಾಸ ಮಾಡುತ್ತಿದ್ದೆ. ನಮ್ಮತ್ತೆ ನೋಡಿ, "ಸೊಂಟ ಹಿಡ್ಕೊಂಡಿದೆಯೇನೇ? ಎಣ್ಣೆ ಕಾಯಿಸಿ ಕೊಡ್ಲಾ?" ಅಂದರು. ವಿಷಯ ತಿಳಿದ ಮೇಲೆ ಅವರೇ ಪಕ್ಕದಲ್ಲಿ ಕೂತು, "ಎಡಗಾಲು ಸರಿಯಾಗಿ ತಿರುಗ್ತಿಲ್ಲ ನೋಡು" ಅಂತ ತಿದ್ದತೊಡಗಿದರು.

ಇನ್ನು ಫಿನ್ ಆಯ್ಕೆ. ಬರಿಗಾಲಿಗೆ ಹಾಕುವುದು ಒಂದು ಬಗೆ; ಬೂಟಿನ ಮೇಲೆ ಹಾಕಿ ಹಿಮ್ಮಡಿಗೆ ಪಟ್ಟಿ ಬಿಗಿಯುವುದು ಇನ್ನೊಂದು. ನನಗೆ ಎರಡನೆಯದೇ ಹಿಡಿಸಿತು. ಆದರೆ ಅಂಗಡಿಗೆ ಬೂಟು ಹಾಕಿಕೊಂಡೇ ಹೋಗಿ, ಇಲ್ಲವಾದರೆ ಅಳತೆ ತಪ್ಪುತ್ತದೆ. ಬೆರಳು ಆಡಬೇಕು, ಹಿಮ್ಮಡಿ ಜಾರಬಾರದು. ನಡುವೆ ಸೀಳಿರುವ ಫಿನ್ ಮುಂದಕ್ಕೆ ಹೋಗಲು ಹಗುರ, ಮಂಡಿಗೆ ಸುಖ. ಹಿಂದಕ್ಕೆ ಬರುವಾಗ ಮಾತ್ರ ನೀರನ್ನು ಹಿಡಿಯುವುದಿಲ್ಲ. ತೀರಾ ಉದ್ದದ, ಮೆತ್ತನೆಯ ಫಿನ್ ಬಳುಕುತ್ತದೆ. ಗಿಡ್ಡ, ಅಗಲ, ಸ್ವಲ್ಪ ಗಡುಸು ಇದ್ದರೆ ಬ್ಯಾಕ್ ಕಿಕ್ ಸುಲಭ. ಗಟ್ಟಿ ರಬ್ಬರಿನದು ಭಾರ. ನನ್ನಂಥ ಗಿಡ್ಡ ಹೆಂಗಸಿನ ಕಾಲನ್ನು ಅದು ಕೆಳಕ್ಕೆ ಎಳೆಯುತ್ತಿತ್ತು. ಬೇರೆಯವರದು ಕೇಳಿ ತಂದು ಕೊಳದಲ್ಲಿ ಮೂರು ಜೊತೆ ಹಾಕಿ ನೋಡಿದ ಮೇಲೆ ಹಗುರದ್ದನ್ನು ಕೊಂಡೆ. ಬಣ್ಣ ನೋಡಿ ಮರುಳಾಗಬೇಡಿ. ಸೀರೆ ಅಂಗಡಿಯ ಬುದ್ಧಿ ಇಲ್ಲಿ ನಡೆಯುವುದಿಲ್ಲ.

ಹೋದ ಚಳಿಗಾಲ ಕೊಂಕಣ ರೈಲಿನಲ್ಲಿ ಮುರ್ಡೇಶ್ವರಕ್ಕೆ ಹೋಗಿ, ಅಲ್ಲಿಂದ ದೋಣಿಯಲ್ಲಿ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ದ್ವೀಪ ಸೇರಿದೆ. ನಮ್ಮದೇ ಸಮುದ್ರ, ದೋಣಿಯಲ್ಲಿ ಕನ್ನಡದ ಮಾತು. ನೀರಿನಡಿ ಒಂದು ಬಂಡೆಯ ಸಂದಿಯಲ್ಲಿ ಮೊರೇ ಮೀನು ಹಾವಿನಂತೆ ಬಾಯಿ ತೆರೆದು ಮುಚ್ಚಿ ಮಾಡುತ್ತಿತ್ತು. ಪಕ್ಕದಲ್ಲೇ ಹವಳ. ಅಲೆಯ ಸೆಳೆತ ನನ್ನನ್ನು ಅದರ ಮೇಲೇ ತಳ್ಳಿತು. ಕೈ ಕಟ್ಟಿಕೊಂಡೆ. ಕಾಲು ಚಾಚಿದೆ, ಬಾಚಿದೆ, ಮತ್ತೊಮ್ಮೆ ಬಾಚಿದೆ. ಒಂದು ಮಾರು ಹಿಂದೆ ಬಂದು ನಿಂತೆ. ಮೀನು ಒಳಗೆ ಓಡಲಿಲ್ಲ, ಹವಳವೂ ಹಾಗೇ ಇತ್ತು. ಅಂಡಮಾನಿನಲ್ಲಿ ಮುರಿದದ್ದು ಇದರಿಂದ ಕೂಡಿಕೊಳ್ಳಲಿಲ್ಲ ನಿಜ, ಆದರೂ ಆವತ್ತು ಹೊಟ್ಟೆ ತುಂಬಾ ಉಂಡೆ.

ಕಲಿಯುವ ಆಸೆಯಿದ್ದವರು ಭಾನುವಾರ ಬೆಳಿಗ್ಗೆ ಈಜುಕೊಳಕ್ಕೆ ಬನ್ನಿ. ಕಾಲು ಐದನೇ ಸೈಜ್ ಆಗಿದ್ದರೆ ಫಿನ್ ನನ್ನದೇ ಕೊಡುತ್ತೇನೆ.